ಸಾರೆಲ್ ತಂದ ಗಿಡ್ಡ ಬಂದೂಕು

ನನ್ನ ಅಕ್ಷರ ಸೊಟ್ಟಗಿದೆ, ಕ್ಷಮಿಸಿ. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು ನಾನು, ದೊಡ್ಡ ದೊಡ್ಡ ಮಾತು ಬರುವುದಿಲ್ಲ. ನಾವು ತಾನ್ನಿ, ಅಂದರೆ ಅತ್ತೆ, ಎಂದು ಕರೆಯುವ ಪಕ್ಕದ ಮನೆಯ ಡ್ರೀಕಾ ಹೇಳಿದ್ದನ್ನೂ ಬೇಲಿಯ ಈಚೆಗೆ ಕೇಳಿಸಿದ್ದನ್ನೂ ಸೇರಿಸಿ, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗದಂತೆ ನೋಡಿಕೊಂಡು ಬರೆದಿದ್ದೇನೆ. ತಪ್ಪಿದ್ದರೆ ನನ್ನದು, ತಾನ್ನಿಯದಲ್ಲ.

ಡ್ರೀಕಾ: ಗಾಳಿ ಇನ್ನೂ ತುಂಬಿಲ್ವಾ?

ಸಾರೆಲ್: ಮೀಟರಿನ ಮುಳ್ಳು ಈಗ ತಾನೇ ಅಲ್ಲಾಡ್ತಿದೆ. ಒತ್ತು, ಒತ್ತು.

ಡ್ರೀಕಾ: ಅಲ್ಲ ಸಾರೆಲ್, ನೀನು ತಂದಿರೋದು ಬಂದೂಕೋ, ಪಂಕ್ಚರ್ ಆದ ಲಾರಿಯೋ?

ಸಾರೆಲ್: ಗಾಳಿ ಬಂದೂಕು ಕಣೇ. ಗಾಳಿ ಇಲ್ದೆ ಹೇಗೆ ಹೊಡೆಯುತ್ತೆ?

ಡ್ರೀಕಾ: ನಿನ್ನ ಹಳೇ ಬಂದೂಕೂ ಗಾಳೀದೇ ತಾನೆ? ಅದಕ್ಕೆ ಒಂದು ದಿನವಾದ್ರೂ ನನ್ನ ಕೈಲಿ ಪಂಪ್ ಹೊಡೆಸಿದ್ದೀಯಾ?

ಸಾರೆಲ್: ಅದರ ನಳಿಗೆ ಮಡಚಿ ಸ್ಪ್ರಿಂಗ್ ಬಿಗಿದೇ ನನ್ನ ಭುಜ ಹೋಗಿದ್ದು. ಇದರಲ್ಲಿ ಆ ಕಷ್ಟವೇ ಇಲ್ಲ.

ಡ್ರೀಕಾ: ಇಲ್ಲ ಹೇಗೆ, ಇದೆಯಲ್ಲ! ನಿನ್ನ ಭುಜದಿಂದ ಇಳಿಸಿ ನನ್ನ ಭುಜಕ್ಕೆ ಏರಿಸಿದ್ದೀಯ.

ಸಾರೆಲ್: ಭುಜಕ್ಕೆ ಇದರಲ್ಲಿ ಕೆಲಸವೇ ಇಲ್ಲ. ಮೈ ಭಾರ ಹಾಕ್ಬೇಕು, ಅಷ್ಟೆ.

ಡ್ರೀಕಾ: ಹಾಗಾದ್ರೆ ನೀನೇ ಹಾಕು.

ಸಾರೆಲ್: ನಾನು ಹಾಕಿದ್ರೆ ಮುಳ್ಳು ಯಾರು ನೋಡ್ತಾರೆ?

ತಾನ್ನಿ ಪಂಪಿನ ಹಿಡಿಯನ್ನು ಬಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡರು. ಅವರಿಗೆ ಸಿಟ್ಟು ಬಂದದ್ದು ಪಂಪಿಗಲ್ಲ. ಅವರ ಗಂಡ ಊಮ್ ಸಾರೆಲ್ (ಹಿರಿಯ ಗಂಡಸರನ್ನು ನಾವು ಊಮ್ ಎನ್ನುತ್ತೇವೆ) ಬೆಟ್ಟದಾಚೆಯ ಒಬ್ಬ ವ್ಯಾಪಾರಿಗೆ ತಮ್ಮ ಉದ್ದ ಬಂದೂಕನ್ನೂ ಮನೆಯ ಕತ್ತೆಗಾಡಿಯನ್ನೂ ಕೊಟ್ಟು ಈ ಗಿಡ್ಡ ಬಂದೂಕನ್ನು ತಂದಿದ್ದರು. ಅದೇ ಗಾಡಿಯಲ್ಲಿ ತಾನ್ನಿ ಪ್ರತಿ ವರ್ಷ ಎಳೆ ಅಂಜೂರದ ಮುರಬ್ಬದ ಜಾಡಿಗಳನ್ನು ಚರ್ಚಿನ ಸಂತೆಗೆ ಒಯ್ಯುತ್ತಿದ್ದರು. ಬಂದೂಕು ಒಪ್ಪಿಗೆಯಾಗದಿದ್ದರೆ ಅದಲು ಬದಲು ವಾಪಸ್ ಮಾಡಿಕೊಳ್ಳೋಣ, ನಾಡಿದ್ದು ಬೆಳಿಗ್ಗೆ ಬರುತ್ತೇನೆ ಎಂದು ಆ ಮನುಷ್ಯ ಹಿಂದಿನ ದಿನ ಹೇಳಿ ಹೋಗಿದ್ದ. ಹಾಗಾಗಿ ಪರೀಕ್ಷೆಗೆ ಇದ್ದದ್ದು ಅದೊಂದೇ ದಿನ. ಬಂದೂಕು ನಪಾಸಾಗಲಿ ಎಂದು ತಾನ್ನಿ ಬೆಳಿಗ್ಗೆಯೇ ಪ್ರಾರ್ಥನೆ ಮಾಡಿದ್ದರು.

ಪರೀಕ್ಷಕರಾಗಿ ಬಂದವರು ಊಮ್ ಫ್ಲೋರಿಸ್, ಊಮ್ ಸಾರೆಲ್‌ರ ಬೇಟೆಯ ಗೆಳೆಯ. ಬಂದವರೇ ಜಗಲಿಯ ಮೇಲೆ ಕೂತು ಕಾಫಿ ಕೇಳಿದರು. ಆಮೇಲೆ ಬಂದೂಕನ್ನು ನೋಡಿದರು.

ಫ್ಲೋರಿಸ್: ಇದರ ಉಳಿದರ್ಧ ಎಲ್ಲಿ?

ಸಾರೆಲ್: ಇಷ್ಟೇ ಕಣೋ.

ಫ್ಲೋರಿಸ್: ಟ್ರಿಗರ್ ಇಲ್ಲಿ ಮುಂದಿದೆ. ಗುಂಡು ಹಾಕೋ ಜಾಗ?

ಸಾರೆಲ್: ಹಿಂದೆ, ಕೆನ್ನೆ ಹತ್ರ. ಅದಕ್ಕೇ ಇಷ್ಟು ಗಿಡ್ಡ. ನಳಿಗೆ ಅಷ್ಟೇ ಉದ್ದ ಇದೆ, ಹಿಂದಕ್ಕೆ ಜರುಗಿ ಹೊಟ್ಟೆ ಒಳಗೆ ಕೂತಿದೆ.

ಫ್ಲೋರಿಸ್: ಅಂದ್ರೆ ತಲೆ ಇರೋ ಕಡೆ ಕಾಲು, ಕಾಲು ಇರೋ ಕಡೆ ತಲೆ. ಮತ್ತೆ ನಳಿಗೆ ಮೇಲಿನ ದುರ್ಬೀನು ಯಾಕೆ ಇಷ್ಟೆತ್ತರ, ಅಟ್ಟ ಹತ್ತಿ ಕೂತಿದೆ?

ಸಾರೆಲ್: ಕತ್ತು ಬಗ್ಗಿಸೋದು ಬೇಡ ಅಂತ.

ಡ್ರೀಕಾ: ಹೆಂಡ್ತಿ ಸೊಂಟ ಬಗ್ಗಿಸಿದ್ರೆ ಸಾಕು ಅಂತ.

ಫ್ಲೋರಿಸ್: ಸುಸ್ ಡ್ರೀಕಾ, ತಂಗೀ, ಸ್ವಲ್ಪ ಸಮಾಧಾನ. ಬಂಡೆ ಸಂದಿಯ ಡಾಸಿಗಳು ನಿನ್ನ ಅಂಜೂರದ ಮರ ಹತ್ತಿ ಕಾಯೆಲ್ಲ ಮುಗಿಸ್ತಿವೆಯಂತಲ್ಲ? ಕಾಯೇ ಇಲ್ದಿದ್ರೆ ಗಾಡಿ ತಗೊಂಡು ಏನ್ಮಾಡ್ತೀಯ?

ಡ್ರೀಕಾ: ಗಾಡಿಯೇ ಇಲ್ದಿದ್ರೆ ಕಾಯಿ ತಗೊಂಡು ಏನ್ಮಾಡ್ಲಿ? ಜಾಡಿಗಳನ್ನ ಈ ಬಂದೂಕಲ್ಲಿ ಹಾಕಿ ಚರ್ಚಿಗೆ ಹೊಡೀಲಾ?

ಫ್ಲೋರಿಸ್: ಗಾಡಿ ಯಾಕೋ ಕೊಟ್ಟೆ ಸಾರೆಲ್? ನಿನ್ನ ಕಾನ್ಸರ್ಟಿನಾ ಕೊಡಬಹುದಿತ್ತಲ್ಲ?

ಸಾರೆಲ್: ಆ ಮನುಷ್ಯ ಮೊದಲು ಕೇಳಿದ್ದು ಅದನ್ನೇ. ಆದ್ರೆ ಎಳೆದು ನುಡಿಸೋ ಆ ವಾದ್ಯದಲ್ಲಿ ನನ್ನ ಪ್ರಾಣ ಇದೆ. ಗಾಡಿಯಲ್ಲಿ ಏನಿದೆ? ನಾಲ್ಕು ಹಲಗೆ.

ಕಾಫಿ ಬಗ್ಗಿಸುತ್ತಿದ್ದ ತಾನ್ನಿ ಒಂದು ಗಳಿಗೆ ಕೈ ತಡೆದರು. ಊಮ್ ಫ್ಲೋರಿಸ್‌ರ ಬಟ್ಟಲಿಗೆ ಮಾತ್ರ ಸಕ್ಕರೆ ಹಾಕಿದರು.

ಊಮ್ ಸಾರೆಲ್ ಎಂದಿನ ಕುರ್ಚಿಯಲ್ಲಿ ಎಂದಿನಂತೆ ಹಿಂದಕ್ಕೆ ಒರಗಿ ಕೂತರು. ಜಗಲಿಯ ಸುತ್ತ ಮಣ್ಣಿಟ್ಟಿಗೆಯ ಮೋಟುಗೋಡೆ ಇದೆ. ಇಷ್ಟು ವರ್ಷ ಅವರು ಬೇಟೆಯಾಡಿದ್ದು ಅದೇ ಕುರ್ಚಿಯಿಂದ, ಅದೇ ಗೋಡೆಯ ಮೇಲೆ ಉದ್ದ ಬಂದೂಕಿನ ಮೂತಿ ಚಾಚಿ. ಈಗ ಗಿಡ್ಡ ಬಂದೂಕನ್ನು ಮೊಣಕಾಲ ಮೇಲಿನ ದಿಂಬಿಗೆ ಒರಗಿಸಿ ದುರ್ಬೀನಿಗೆ ಕಣ್ಣಿಟ್ಟರು. ನೀರ್ಗಾಲುವೆಯ ಆಚೆ, ಕಲ್ಲಿನ ಮೇಲೆ ಖಾಲಿ ಮೀನಿನ ಡಬ್ಬ ಇಟ್ಟಿತ್ತು.

ಸಾರೆಲ್: ಡಬ್ಬದ ಮೇಲಿನ ಮೀನಿನ ಕಣ್ಣು ಕೂಡ ಕಾಣ್ತಿದೆ. ಅದೂ ನನ್ನೇ ನೋಡ್ತಿದೆ.

ಟಪ್ ಎಂದಿತು. ಬಿಳಿ ಧೂಳು ಎದ್ದಿತು. ಡಬ್ಬ ಇದ್ದಲ್ಲೇ ಇತ್ತು.

ಸಾರೆಲ್: ಧೂಳು ನೋಡಿದ್ಯಾ? ಸ್ವಲ್ಪ ಕೆಳಗೆ ಹೋಯ್ತು.

ಫ್ಲೋರಿಸ್: ಕೆಳಗಲ್ಲ, ಎಡಕ್ಕೆ. ನನಗೆ ಚೆನ್ನಾಗಿ ಕಾಣಿಸ್ತು.

ಡ್ರೀಕಾ: ನನ್ನ ಕಾಫಿಗೆ ಸುಣ್ಣ ಬಿತ್ತು.

ಸಾರೆಲ್: ಈ ಸಲ ಕೂದಲೆಳೆ ಮೇಲಕ್ಕೆ ಹಿಡೀತೀನಿ.

ಮತ್ತೆ ಟಪ್. ಮತ್ತೆ ಧೂಳು.

ಫ್ಲೋರಿಸ್: ಈಗ ಬಲಕ್ಕೆ.

ಸಾರೆಲ್: ಗಾಳಿ ಜಾಸ್ತಿ ಇದೆ.

ಡ್ರೀಕಾ: ಯಾವ ಗಾಳಿ? ಒಗೆದು ಹಾಕಿದ ನಿನ್ನ ಪ್ಯಾಂಟು ಸತ್ತ ಹಾಗೆ ನೇತಾಡ್ತಿದೆ.

ಸಾರೆಲ್: ಹೊರಗಿನ ಗಾಳಿ ಅಲ್ಲ, ಒಳಗಿನದು. ನೀನು ಒಂದೇ ಸಮನಾಗಿ ತುಂಬಿಲ್ಲ. ಕೋಪದಲ್ಲಿ ಒತ್ತಿದ್ದೀಯ.

ಡ್ರೀಕಾ: ಓಹೋ. ನನ್ನ ಕೋಪ ನಳಿಗೆಯಿಂದ ಆಚೆ ಬಂದಿದ್ರೆ ಡಬ್ಬ ಅಲ್ಲ, ಆ ಬೆಟ್ಟವೇ ಉರುಳಿರೋದು. ಸಾರೆಲ್, ಮತ್ತೆ ಹೇಳ್ತಿದ್ದೀನಿ, ನನ್ನ ಕಾಫಿಗೆ ಸುಣ್ಣ ಬೀಳ್ತಿದೆ.

ಸಾರೆಲ್: ಹಳೇ ಜಗಲಿ, ಉದುರುತ್ತೆ. ಬಟ್ಟಲು ಆಚೆ ಇಟ್ಕೊ.

ಡ್ರೀಕಾ: ಹಳೇದಾ? ಹೋದ ವಾರ ತಾನೇ ನಾನೇ ಬಳಿದಿದ್ದೀನಿ!

ಫ್ಲೋರಿಸ್: ಗುಂಡು ಹಗುರ ಇರಬೇಕು ಕಣೋ. ಇಲ್ಲಾಂದ್ರೆ ಡಬ್ಬ ದೂರ ಆಯ್ತು.

ಸಾರೆಲ್: ಕಾಲುವೆ ಆಚೆ ಅಂದ್ರೆ ದೂರನಾ? ಹಳೇ ಬಂದೂಕಲ್ಲಿ ಕಣ್ಮುಚ್ಚಿ ಹೊಡೀತಿದ್ದೆ.

ಡ್ರೀಕಾ: ಹಾಗಾದ್ರೆ ಪರೀಕ್ಷೆ ಮುಗೀತು. ನಪಾಸು. ನಾಳೆ ನನ್ನ ಗಾಡಿ ವಾಪಸ್.

ಸಾರೆಲ್: ಇರೇ, ಡಬ್ಬ ಹೊಡೆಯೋದು ಮಕ್ಕಳಾಟ. ಬಂದೂಕು ಏನಂತ ಗೊತ್ತಾಗೋದು ಬೇಟೇಲಿ.

ಅಷ್ಟರಲ್ಲಿ ಬೇಟೆಯೇ ಬಂತು. ಬೆಕ್ಕಿನ ಗಾತ್ರದ, ಬಾಲವಿಲ್ಲದ ಕೊಬ್ಬಿದ ಡಾಸಿಯೊಂದು ಬಂಡೆ ಸಂದಿಯಿಂದ ಹೊರಬಿದ್ದು, ಕಾಲುವೆ ದಾಟಿ, ಅಂಜೂರದ ಮರದ ಕವಲಿನಲ್ಲಿ ಕೂತು ಒಂದು ಕಾಯಿ ಕಚ್ಚಿತು. ರುಚಿ ಹಿಡಿಸಲಿಲ್ಲವೋ ಏನೋ, ಅದನ್ನು ಬಿಸಾಕಿ ಇನ್ನೊಂದಕ್ಕೆ ಬಾಯಿ ಹಾಕಿತು. ತಾನ್ನಿಗೆ ತಮ್ಮ ಜಾಡಿಯೊಂದು ನೆಲಕ್ಕೆ ಬಿದ್ದು ಒಡೆದಂತಾಯಿತು.

ಡ್ರೀಕಾ: ಹೊಡಿ! ಕೂತು ಏನ್ ನೋಡ್ತಿದ್ದೀಯ, ಹೊಡಿ!

ಟಪ್. ಧೂಳು. ಡಾಸಿ ತಲೆ ಕೂಡ ಎತ್ತಲಿಲ್ಲ.

ಫ್ಲೋರಿಸ್: ಅದಕ್ಕೆ ಹೊಡೆದದ್ದೇ ಗೊತ್ತಾಗಿಲ್ಲ. ಕೊಡು ಇಲ್ಲಿ, ನಾನು ಹೊಡೀತೀನಿ.

ಸಾರೆಲ್: ಏಯ್, ಕೈ ತೆಗಿ! ನಿನಗೆ ಕೊಡಲ್ಲ.

ಫ್ಲೋರಿಸ್: ಯಾಕೋ?

ಸಾರೆಲ್: ಯಾಕೆ ಅಂತ ಚೆನ್ನಾಗಿ ಗೊತ್ತು ನಿನಗೆ. ಹೊಸ ಬಂದೂಕಿಂದ ಮೊದಲ ಮಾಂಸ ಯಾರು ತರ್ತಾರೋ ಬಂದೂಕು ಅವರದು. ನಮ್ಮಪ್ಪನ ಕಾಲದಿಂದ ಬಂದ ರೂಢಿ. ಮಾಂಸ ತರೋ ತನಕ ಹೊಸ್ತಿಲು ದಾಟೋ ಹಾಗಿಲ್ಲ ಅಂತ ತಾನೇ ನಿನ್ನೆ ಇದನ್ನ ಕೋಳಿಗೂಡಲ್ಲಿ ಮಲಗಿಸಿದ್ದು?

ಡ್ರೀಕಾ: ಕೋಳಿಗಳು ಇವತ್ತು ಮೊಟ್ಟೆ ಇಟ್ಟಿಲ್ಲ.

ಸಾರೆಲ್: ನಮ್ಮ ದೊಡ್ಡಪ್ಪ ಹೊಸ ಬಂದೂಕನ್ನ ಭಾವಮೈದುನನ ಕೈಗೆ ಕೊಟ್ಟು ಬೂಟಿನ ದಾರ ಕಟ್ಟೋಕೆ ಬಗ್ಗಿದ. ಎದ್ದು ನೋಡ್ತಾನೆ, ಮೊಲ ಭಾವಮೈದುನಂದು, ಬಂದೂಕೂ ಭಾವಮೈದುನಂದು. ಆಮೇಲೆ ಸಾಯೋ ತನಕ ದಾರ ಇಲ್ಲದ ಬೂಟೇ ಹಾಕಿದ.

ಫ್ಲೋರಿಸ್: ರೂಢಿ ಅಂದ್ರೆ ರೂಢಿ, ಒಪ್ತೀನಿ. ಆದ್ರೆ ಅದು ಮೂರನೇ ಕಾಯಿಗೆ ಬಾಯಿ ಹಾಕ್ತಿದೆ.

ಡ್ರೀಕಾ: ನಿಮ್ಮ ರೂಢಿ ಮುಗಿಯೋಷ್ಟರಲ್ಲಿ ನನ್ನ ಮರ ಮುಗಿಯುತ್ತೆ. ಇಲ್ಲಿ ಕೊಡು, ನಾನು ನೋಡ್ತೀನಿ.

ಊಮ್ ಸಾರೆಲ್ ನಕ್ಕರು. ಊಮ್ ಫ್ಲೋರಿಸ್ ಕಾಫಿ ಚೆಲ್ಲುವಷ್ಟು ನಕ್ಕರು. ತಾನ್ನಿ ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಉದ್ದ ಬಂದೂಕನ್ನು ಹಿಡಿಯಲು ಹೋದಾಗ, ಅದರ ಹಿಡಿ ಕಂಕುಳಲ್ಲಿ ಸಿಕ್ಕಿಕೊಂಡು, ಬಂದೂಕೇ ಅವರನ್ನು ಅಂಗಳದ ತುಂಬ ತಿರುಗಿಸಿತ್ತು. ಅವತ್ತಿನಿಂದ ಅವರಿಗೆ ಬಂದೂಕಿಗಿಂತ ಗಿಡ್ಡಿ ಎಂದೇ ಹೆಸರು.

ಸಾರೆಲ್: ತಗೊಳಮ್ಮ, ತಗೊ. ನಿನಗೆ ಕೊಡೋದಕ್ಕೆ ನನಗೇನೂ ಭಯವಿಲ್ಲ. ಅದನ್ನ ಹೆದರಿಸಿ ಓಡಿಸಿದ್ರೂ ಲಾಭವೇ.

ತಾನ್ನಿ ಬಂದೂಕನ್ನು ಭುಜಕ್ಕೆ ಇಟ್ಟುಕೊಂಡರು. ಅದು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ಕೂತಿತು. ಆದರೆ ಊಮ್ ಸಾರೆಲ್‌ರ ಕುರ್ಚಿಯಲ್ಲಿ ಕೂತರೆ ಅವರಿಗೆ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದಕ್ಕೆ ಮೆಟ್ಟಿಲು ಇಳಿದು ಗೋಡೆಯ ಕೊನೆಯಾಚೆ ಹೋಗಿ, ಕೋಳಿಗೆ ನೀರಿಡುವ ಬಕೆಟ್ಟನ್ನು ಮಗುಚಿ ಹಾಕಿ, ಅದರ ಮೇಲೆ ಬಂದೂಕು ಒರಗಿಸಿ ಮಂಡಿಯೂರಿದರು.

ಸಾರೆಲ್: ಅಲ್ಲಿ ಕೂತು ಯಾರಾದ್ರೂ ಹೊಡೀತಾರಾ? ಜಗಲಿ ಇರೋದು ಯಾಕೆ?

ಟಪ್.

ಈ ಸಲ ಧೂಳು ಏಳಲಿಲ್ಲ. ಡಾಸಿ ಕವಲಿನಿಂದ ಜಾರಿ, ಬಾಯಲ್ಲಿದ್ದ ಕಾಯಿಯ ಸಮೇತ ಕಾಲುವೆಯ ದಡದ ಮೇಲೆ ಬಿತ್ತು. ಮತ್ತೆ ಅಲುಗಾಡಲಿಲ್ಲ.

ತಾನ್ನಿ ಎದ್ದು ಮಂಡಿಯ ಮಣ್ಣು ಕೊಡವಿಕೊಂಡು ತಿರುಗಿದಾಗ ಅವರ ಕಣ್ಣು ಮೋಟುಗೋಡೆಯ ಒಳಬದಿಗೆ ಬಿತ್ತು.

ಡ್ರೀಕಾ: ಸಾರೆಲ್, ಇಲ್ಲಿ ಬಾ. ಇದೇನು?

ಸಾರೆಲ್: ಯಾವುದು?

ಡ್ರೀಕಾ: ಈ ತೂತುಗಳು. ನಾನು ಬಳಿದ ಗೋಡೆಯಲ್ಲಿ, ನಿನ್ನ ಕುರ್ಚಿ ಎದುರಿಗೇ, ಒಂದರ ಪಕ್ಕ ಒಂದು.

ಊಮ್ ಫ್ಲೋರಿಸ್ ಬಂದು ಬಗ್ಗಿ ನೋಡಿದರು. ಒಂದು ತೂತಿನೊಳಗೆ ಬೆರಳು ಹಾಕಿದರು.

ಫ್ಲೋರಿಸ್: ಲೋ ಸಾರೆಲ್. ಉದ್ದ ಬಂದೂಕಿನ ಮೂತಿ ಗೋಡೆಯಾಚೆ ಇರ್ತಿತ್ತು. ಇದರ ಮೂತಿ ಗೋಡೆಯ ಈಚೆಗೇ ಮುಗಿದುಹೋಗಿದೆ. ಅಟ್ಟದ ಮೇಲಿನ ದುರ್ಬೀನಿಗೆ ಮಾತ್ರ ಡಬ್ಬ ಕಾಣ್ತಿತ್ತು. ನಳಿಗೆಗೆ ಕಾಣ್ತಿದ್ದದ್ದು ಸುಣ್ಣ!

ಡ್ರೀಕಾ: ಎಡಕ್ಕೆ ಹೋಯ್ತು, ಬಲಕ್ಕೆ ಹೋಯ್ತು ಅಂತ ಯಾರೋ ಹೇಳ್ತಿದ್ರಪ್ಪ. ಚೆನ್ನಾಗಿ ಕಾಣಿಸ್ತಂತೆ ಬೇರೆ.

ಫ್ಲೋರಿಸ್: ಧೂಳು ಕಾಣಿಸ್ತು, ಸುಸ್. ಯಾವ ಧೂಳು ಅಂತ ಯಾರೂ ಕೇಳ್ಲಿಲ್ಲ.

ಸಾರೆಲ್: ಒಂದು ವಿಷಯ ಮಾತ್ರ ಒಪ್ಕೋಬೇಕು. ಮೂರೂ ತೂತು ಎಷ್ಟು ಹತ್ತಿರ ಹತ್ತಿರ ಇವೆ ನೋಡಿ. ಬಂದೂಕಿನ ಗುರಿಯಲ್ಲಿ ತಪ್ಪಿಲ್ಲ. ಪಾಸು!

ಫ್ಲೋರಿಸ್: ಪಾಸು ಸರಿ. ಆದ್ರೆ ಯಾರ ಬಂದೂಕು ಪಾಸಾಗಿದ್ದು?

ಊಮ್ ಸಾರೆಲ್‌ರ ನಗು ಮುಖದ ಮೇಲೆಯೇ ಒಣಗಿತು. ಅವರು ಕಾಲುವೆಯ ಕಡೆ ನೋಡಿದರು, ತಾನ್ನಿಯ ಕೈಯಲ್ಲಿದ್ದ ಬಂದೂಕನ್ನು ನೋಡಿದರು, ಆಮೇಲೆ ಯಾಕೋ ತಮ್ಮ ಬೂಟಿನ ದಾರವನ್ನು ನೋಡಿಕೊಂಡರು.

ಸಾರೆಲ್: ಡಾಸಿಯೆಲ್ಲ ಮಾಂಸದ ಲೆಕ್ಕಕ್ಕೆ ಬರಲ್ಲ.

ಡ್ರೀಕಾ: ಹೌದಾ? ಹೋದ ಚಳಿಗಾಲ ಈರುಳ್ಳಿ ಹಾಕಿ ಬೇಯಿಸಿದಾಗ ಮಡಕೆ ತಳ ರೊಟ್ಟಿಯಲ್ಲಿ ಒರೆಸಿ ತಿಂದೆಯಲ್ಲ, ಅದೇನು ಮಾವಿನಕಾಯಿಯಾ?

ಸಾರೆಲ್: ಅಲ್ಲ ಕಣೇ, ರೂಢಿ ಇರೋದು ಗಂಡಸರಿಗೆ…

ಫ್ಲೋರಿಸ್: ಯಾರು ತರ್ತಾರೋ ಅವರದು ಅಂದೆ. ಗಂಡಸು ಅಂತ ಹೇಳಿದ್ದು ನನಗೆ ಕೇಳಿಸ್ಲಿಲ್ಲ. ನಿಮ್ಮಪ್ಪನೂ ಹೇಳ್ತಿರಲಿಲ್ಲ.

ಸಾರೆಲ್: ನೀನು ಯಾರ ಗೆಳೆಯನೋ?

ಫ್ಲೋರಿಸ್: ಈ ಮನೆಯಲ್ಲಿ ಊಟ ಹಾಕೋದು ಯಾರೋ, ಅವರ ಗೆಳೆಯ.

ಊಮ್ ಸಾರೆಲ್ ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ಅವರ ಮುಖ ತುಸು ಅರಳಿತು.

ಸಾರೆಲ್: ಸರಿ, ನಿನ್ನದೇ ಅಂತಾಗಲಿ. ಆದ್ರೆ ನಿನಗೆ ಬೇಕಿದ್ದದ್ದು ಗಾಡಿ ತಾನೆ? ನಾಳೆ ಆ ಮನುಷ್ಯ ಬಂದಾಗ ಬಂದೂಕು ಕೊಟ್ಟು ಗಾಡಿ ತಗೊ. ನನ್ನ ಹಳೇ ಬಂದೂಕೂ ನನಗೆ ಬರುತ್ತೆ. ಯಾರಿಗೂ ನಷ್ಟ ಇಲ್ಲ.

ಡ್ರೀಕಾ: ಬೆಳಿಗ್ಗೆ ಹಾಗೇ ಅನ್ಕೊಂಡಿದ್ದೆ. ಈಗ ಮನಸ್ಸು ಬದಲಾಗಿದೆ. ಮರದಲ್ಲಿ ಕಾಯಿ ಉಳೀಬೇಕು, ಬಂದೂಕು ಇರಲಿ.

ಸಾರೆಲ್: ಹಾಗಾದ್ರೆ ಗಾಡಿ ಹೋಯ್ತು. ನೀನೇ ಆರಿಸಿಕೊಂಡಿದ್ದು, ಆಮೇಲೆ ನನ್ನ ಬೈಯ್ಬೇಡ.

ಡ್ರೀಕಾ: ಗಾಡಿನೂ ವಾಪಸ್ ಬರುತ್ತೆ.

ಸಾರೆಲ್: ಅದ್ಹೇಗೆ? ಅವನೇನು ಪುಕ್ಕಟೆ ಕೊಡ್ತಾನಾ?

ಡ್ರೀಕಾ: ಅವನು ಮೊದಲು ಕೇಳಿದ್ದೇ ಬೇರೆ ಅಲ್ವಾ? ಅದನ್ನೇ ಕೊಡೋಣ.

ಮನೆಯೊಳಗೆ ಗೂಟಕ್ಕೆ ನೇತುಹಾಕಿದ್ದ ಕಾನ್ಸರ್ಟಿನಾದ ಕಡೆಗೆ ಮೂವರೂ ಒಟ್ಟಿಗೆ ನೋಡಿದರು.

ಸಾರೆಲ್: ಡ್ರೀಕಾ, ಅದರಲ್ಲಿ ನನ್ನ ಪ್ರಾಣ ಇದೆ!

ಡ್ರೀಕಾ: ಇರಲಿ ಬಿಡು, ಅವನ ಮನೇಲಿ ಭದ್ರವಾಗಿರುತ್ತೆ.

ಸಾರೆಲ್: ಬಂದೂಕು ನಿಂದು. ಗಾಡಿ ನಿಂದು. ವಾದ್ಯ ಅವನದು. ಹಾಗಾದ್ರೆ ನನಗೇನು ಉಳೀತು?

ತಾನ್ನಿ ಜಗಲಿಯ ಮೂಲೆಗೆ ಹೋಗಿ ಪಂಪ್ ತಂದು ಊಮ್ ಸಾರೆಲ್‌ರ ಕಾಲ ಬಳಿ ನಿಲ್ಲಿಸಿದರು.

ಸಾರೆಲ್: ಅಯ್ಯೋ, ನನ್ನ ಭುಜ…

ಡ್ರೀಕಾ: ಭುಜಕ್ಕೆ ಇದರಲ್ಲಿ ಕೆಲಸವೇ ಇಲ್ಲ. ಮೈ ಭಾರ ಹಾಕು. ಮುಳ್ಳು ನಾನು ನೋಡ್ತೀನಿ.

ಇಷ್ಟೇ ನಡೆದದ್ದು. ತಾನ್ನಿ ಇವತ್ತು ಎಳೆ ಅಂಜೂರ ಕೀಳುತ್ತಿದ್ದಾರೆ. ನಾನು ಈ ಹಾಳೆಗಳನ್ನು ಮಡಿಸಿಟ್ಟು, ಕೈ ತೊಳೆದುಕೊಂಡು, ಮುರಬ್ಬಕ್ಕೆ ಕಾಯಿಯ ಸಿಪ್ಪೆ ಕೆರೆಯಲು ಅವರ ಮನೆಗೆ ಹೋಗುತ್ತೇನೆ.