ಚಾವಣಿಯ ನಿವೃತ್ತಿ

ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವುದು ಸೋಮಾರಿತನವೆಂದು ಪರವಾನಗಿ ಇಲಾಖೆಯ ಸುತ್ತೋಲೆ ಸ್ಪಷ್ಟಪಡಿಸಿದೆ. ಆದ್ದರಿಂದ ಪ್ರತಿಯೊಬ್ಬ ನೌಕರನೂ ಕಡತ ನೋಡುವಾಗ ಆನ್‌ಲೈನ್ ಸಭೆಯಲ್ಲಿ ಹಾಜರಿದ್ದು, ವಾರ್ತೆ ವೀಕ್ಷಿಸುತ್ತ, ಕಚೇರಿ ಗ್ರೂಪಿನ ಪ್ರತಿ ಸಂದೇಶಕ್ಕೂ ಹೆಬ್ಬೆರಳಿನ ಚಿತ್ರ ಒತ್ತತಕ್ಕದ್ದು. ಇದರಿಂದ ಆಲೋಚನಾ ಶಕ್ತಿ ನಾಲ್ಕು ಪಟ್ಟಾಗುವುದೆಂದು ಸಮಿತಿಯು ಅಭಿಪ್ರಾಯಪಟ್ಟಿದೆ. ಅಭಿಪ್ರಾಯಪಡುವಾಗ ಸಮಿತಿಯು ಇನ್ನೂ ಮೂರು ಸಭೆಗಳಲ್ಲಿ ಇತ್ತು.

ಹೆಡ್ ಗುಮಾಸ್ತರು ಮಾತ್ರ ಕಡತ ಬಿಚ್ಚಿದರೆ ಅದನ್ನೇ ಓದುತ್ತಿದ್ದರು, ಅದೂ ಕೊನೆಯ ಪುಟದವರೆಗೆ. ಈ ದುರಭ್ಯಾಸಕ್ಕಾಗಿ ಎರಡು ನೋಟಿಸು ಬಂದಿದ್ದರೂ ಅವರು ತಲೆ ಕೆಡಿಸಿಕೊಂಡಿರಲಿಲ್ಲ. ಶುಕ್ರವಾರ ನಿವೃತ್ತಿ; ಶನಿವಾರ ಹೆಂಡತಿಯ ಜೊತೆ ಸಮುದ್ರ ನೋಡಲು ರೈಲು. 'ಮುಂದಿನ ವರ್ಷ ಹೋಗೋಣ' ಅಂತ ಮೂವತ್ತೆಂಟು ವರ್ಷದಿಂದ ಆಕೆಯ ಮೂಗಿಗೆ ತುಪ್ಪ ಸವರುತ್ತ ಬಂದಿದ್ದರು, ಪಾಪ.

ಬುಧವಾರ ನಿರ್ದೇಶಕರ ಪರದೆಯ ಮೇಲೆ ಎರಡು ಕಡತಗಳು ಅಕ್ಕಪಕ್ಕ ತೆರೆದಿದ್ದವು. ಒಂದು ಗುಮಾಸ್ತರ ನಿವೃತ್ತಿಯದು, ಇನ್ನೊಂದು ಕಚೇರಿಯ ಸೋರುವ ಚಾವಣಿಯದು. ಒಂದು ಕಿವಿಯಲ್ಲಿ ಸಭೆ, ಇನ್ನೊಂದರಲ್ಲಿ ಫುಟ್‌ಬಾಲ್ ಕೇಳುತ್ತಿದ್ದ ನಿರ್ದೇಶಕರು ಗೋಲು ಬಿದ್ದ ಕ್ಷಣದಲ್ಲೇ ಎರಡಕ್ಕೂ ಆದೇಶ ಹೊರಡಿಸಿದರು.

ಚಾವಣಿಗೆ: 'ದೀರ್ಘ ಸೇವೆಯನ್ನು ಸ್ಮರಿಸಿ, ಶುಕ್ರವಾರ ಕರ್ತವ್ಯದಿಂದ ಬಿಡುಗಡೆ ಮಾಡಲಾಗಿದೆ.'

ಗುಮಾಸ್ತರಿಗೆ: 'ಬಿರುಕುಗಳಿಗೆ ಡಾಂಬರು ಬಳಿದು ಇನ್ನೂ ಐದು ವರ್ಷ ಬಳಕೆಯಲ್ಲಿಡತಕ್ಕದ್ದು.'

ಗುಮಾಸ್ತರು ಎದ್ದೆನೋ ಬಿದ್ದೆನೋ ಎಂದು ಓಡಿದರು. "ಸಾರ್, ಅದಲು ಬದಲಾಗಿದೆ. ನಾನು ಸೋರ್ತಿಲ್ಲ!"

"ಒಳ್ಳೇ ಸಲಹೆ ಕಣ್ರೀ," ಎಂದರು ನಿರ್ದೇಶಕರು ಫೋನಿನಿಂದ ಕಣ್ಣೆತ್ತದೆ. "ಗ್ರೂಪಿಗೆ ಹಾಕಿ."

ಹಾಕಿದರು. 'ಆದೇಶದಲ್ಲಿ ತಪ್ಪಾಗಿದೆ' ಎಂಬ ಸಂದೇಶಕ್ಕೆ ಅರ್ಧ ನಿಮಿಷದಲ್ಲಿ ನಲವತ್ತೊಂದು ಹೆಬ್ಬೆರಳು, ಆರು ಚಪ್ಪಾಳೆ, ಒಂದು ಹುಟ್ಟುಹಬ್ಬದ ಶುಭಾಶಯ ಬಂದವು. ಹನ್ನೆರಡನೇ ನಿಯಮದಂತೆ, ನಲವತ್ತು ಹೆಬ್ಬೆರಳು ದಾಟಿದ ವಿಷಯ ಸರ್ವಾನುಮತದಿಂದ ಇತ್ಯರ್ಥವಾದಂತೆ.

ಗುಮಾಸ್ತರು ಮನೆಗೆ ಫೋನ್ ಮಾಡಿದರು. "ನೋಡೇ, ಶನಿವಾರ ಸಮುದ್ರಕ್ಕೆ ಹೋಗೋಕಾಗಲ್ಲ. ಐದು ವರ್ಷ ಮುಂದಕ್ಕೆ ಹೋಯ್ತು."

ಆ ಕಡೆ ಧಾರಾವಾಹಿ ಓಡುತ್ತಿತ್ತು; ನಡುನಡುವೆ ತಂಗಿಗೆ ಮೆಸೇಜೂ ಹೋಗುತ್ತಿತ್ತು. "ಆಯ್ತು ರೀ, ಬಹಳ ಸಂತೋಷ. ಬರ್ತಾ ಹಾಲು ತನ್ನಿ."

ಶುಕ್ರವಾರ ಚಾವಣಿಯನ್ನು ಸಕಲ ಗೌರವಗಳೊಂದಿಗೆ ಕಳಚಲಾಯಿತು. ಅದರ ಬಗ್ಗೆ ನಾಲ್ಕು ಮಾತಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಕೊನೆಗೆ ಗುಮಾಸ್ತರೇ, ತಮ್ಮ ಬೀಳ್ಕೊಡುಗೆಗೆಂದು ಬರೆದಿಟ್ಟಿದ್ದ ಭಾಷಣವನ್ನು ಜೇಬಿನಿಂದ ತೆಗೆದು ಓದಿದರು. 'ಬಿಸಿಲು ಮಳೆ ಎನ್ನದೆ ದುಡಿದೆ, ಯಾರೂ ತಲೆಯೆತ್ತಿ ನೋಡಲಿಲ್ಲ' ಎಂಬಲ್ಲಿ ಇಬ್ಬರು ಕಣ್ಣೊರೆಸಿಕೊಂಡರು, ಆದರೆ ಅವರು ನೋಡುತ್ತಿದ್ದುದು ಬೇರೆ ವಿಡಿಯೊ.

ಸೋಮವಾರ ಮಳೆ ಹಿಡಿಯಿತು. ಕೊಡೆ ಹಿಡಿಯುವುದನ್ನೂ ಏಕಕಾಲದ ಕೆಲಸಗಳ ಪಟ್ಟಿಗೆ ಸೇರಿಸಲಾಯಿತು; ಎಲ್ಲರೂ ಹೆಬ್ಬೆರಳು ಒತ್ತಿದರು. ಅಷ್ಟರಲ್ಲಿ ಡಾಂಬರಿನ ಡಬ್ಬಿ ಹಿಡಿದ ಕೆಲಸದವನು ಆದೇಶದ ಪ್ರತಿ ತೋರಿಸುತ್ತ ಬಂದ.

"ಬಿರುಕು ಎಲ್ಲಿ, ಸ್ವಾಮಿ?"

ಗುಮಾಸ್ತರು ಕೊಡೆಯನ್ನು ಕುತ್ತಿಗೆಗೆ ಒರಗಿಸಿ, ಒಂದು ಕೈಯಲ್ಲಿ ಗ್ರೂಪಿಗೆ ಹೆಬ್ಬೆರಳು ಒತ್ತುತ್ತ, ಇನ್ನೊಂದರಲ್ಲಿ ಅಂಗಿಯ ಗುಂಡಿ ಬಿಚ್ಚಿದರು.

"ಎದೆ ಹತ್ರ ಒಂದಿದೆ, ನೋಡಪ್ಪ," ಎಂದರು. "ಸ್ವಲ್ಪ ದಪ್ಪಗೇ ಬಳಿ. ಐದು ವರ್ಷ ಬರ್ಬೇಕು."