ಚಿಗವ್ವನ ತೊಗರಿಚೀಲ ಮತ್ತು ನನ್ನ ವಾದ

ತಾಂಡೂರಿನ ನಮ್ಮ ಚಿಗವ್ವನ, ಅಂದರೆ ಕಾಕಾನ ಹೆಂಡತಿಯ, ಆಪರೇಷನ್ನಿನ ಮಾತು ಬಂದಾಗಲೆಲ್ಲ ಬಂಧುಬಳಗ ಒಂದೇ ಕತೆ ಹೇಳುತ್ತದೆ. ಜಹೀರಾಬಾದಿನ ಹುಡುಗಿ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆದವಳು, ಹೈದರಾಬಾದಿನ ಡಾಕ್ಟರ ಎದುರೇ ಕೂತು ಪಾಟೀಸವಾಲು ಮಾಡಿ, ಎಲ್ಲ ತೃಪ್ತಿಯಾದ ಮೇಲೆಯೇ ಒಪ್ಪಿಗೆ ಕೊಟ್ಟಳಂತೆ. ಆ ಹುಡುಗಿ ನಾನು. ಎರಡು ಮದುವೆಗಳಲ್ಲಿ ಈ ಕತೆ ಕೇಳಿಸಿಕೊಂಡು ವಿನಯದಿಂದ ತಲೆ ತಗ್ಗಿಸಿಯೂ ಇದ್ದೇನೆ. ಆದರೆ ವಾದ ಕಲಿತವರಿಗೆ ಒಂದು ಕೆಟ್ಟ ಚಟವಿರುತ್ತದೆ: ತಮ್ಮನ್ನು ಹೊಗಳಿದ ಮಾತಿಗೂ ಪುರಾವೆ ಹುಡುಕುವುದು. ಹುಡುಕಿದೆ. ಸಿಗಲಿಲ್ಲ.

ಚಿಗವ್ವ ಜಂಪರು ಹೊಲಿಯುವವಳು. ಸ್ತನ ಕ್ಯಾನ್ಸರಾಗಿ ಎಡಗಡೆಯದನ್ನು ತೆಗೆದು, ಉಪಚಾರವೆಲ್ಲ ಮುಗಿದು ಎರಡು ವರ್ಷವಾಗಿತ್ತು. ದಿನವಿಡೀ ಬೇರೆ ಹೆಂಗಸರ ಎದೆಯಳತೆ ಹಿಡಿಯುವವಳು ತನ್ನ ಖಾಲಿ ಜಾಗಕ್ಕೆ ತಾನೇ ಒಂದು ಚೀಲ ಹೊಲಿದುಕೊಂಡಳು. ಹತ್ತಿ ತುಂಬಿದರೆ ಹಗುರಾಗಿ ಮೇಲಕ್ಕೇರಿತು. ಜೋಳ ತುಂಬಿದರೆ ಜಾರಿ ಒಂದು ಮೂಲೆ ಸೇರಿತು. ಕೊನೆಗೆ ತೊಗರಿಕಾಳು ಹದಕ್ಕೆ ಬಂತು. "ತಾಂಡೂರ ತೊಗರಿ ದೇಶ ಎಲ್ಲಾ ಉಣತದ, ನಾ ಒಬ್ಬಾಕಿ ತೊಟ್ಕೊಂಡೀನಿ" ಎನ್ನುತ್ತಿದ್ದಳು. ಒಂದು ದಿನ ಬಶೀರಾಬಾದಿನ ಮದುಮಗಳ ಅಳತೆಗೆಂದು ಕೈ ಎತ್ತಿದಾಗ ಹೊಲಿಗೆ ಬಿಚ್ಚಿ ತೊಗರಿಯೆಲ್ಲ ಅಂಗಡಿಯ ನೆಲಕ್ಕೆ ಸುರಿಯಿತು. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ಚಿಗವ್ವನೇ ನಕ್ಕಳು. ಸಂಜೆ ನನಗೆ ಫೋನು ಮಾಡಿದಾಗ ಮಾತ್ರ ಆ ನಗು ಇರಲಿಲ್ಲ. "ಹೊಟ್ಟಿ ಕೊಬ್ಬು ತಗದು ಎದಿಗೆ ತುಂಬತಾರಂತ ನೋಡವ್ವಾ. ನನಗ ಬೇಕು ಅದು. ಸೋಮವಾರ ಹೈದ್ರಾಬಾದಿಗಿ ನನ್ನ ಕೂಡ ಬಾ."

ಹೋದೆ. ಹೋಗುವ ಮುನ್ನ ಓದಿದೆ. ಅಲ್ಲಿಗೆ ಕೆಲಸ ಕೆಟ್ಟಿತು. ಹೊಟ್ಟೆಯ ಕೊಬ್ಬು ಬರೀ ಕೊಬ್ಬಲ್ಲ, ಅದರೊಳಗೆ ಆಕರಕೋಶಗಳಿರುತ್ತವೆ. ಡಾಕ್ಟರುಗಳು ಸ್ಟೆಮ್ ಸೆಲ್ ಎನ್ನುವುದು ಇವನ್ನೇ. ಗಾಯ ಮಾಯಿಸಲು ನೆರವಾಗುವುದು, ಅಲ್ಲಿ ರೊಚ್ಚಿಗೆದ್ದ ಮೈಕಾವಲಿನ ಕೋಶಗಳನ್ನು ಸಮಾಧಾನ ಮಾಡುವುದು ಇವುಗಳ ಗುಣ. ತೊಂದರೆಯೇನೆಂದರೆ, ಪ್ರಯೋಗಾಲಯದಲ್ಲಿ ಸ್ತನದ ಗೆಡ್ಡೆಯ ಪಕ್ಕದಲ್ಲಿಟ್ಟು ನೋಡಿದಾಗಲೂ ಇವು ಅದೇ ಸಮಾಧಾನ ಹೇಳಬಲ್ಲವು. ಆಗ ಗೆಡ್ಡೆಯನ್ನು ಕೊಲ್ಲಬೇಕಾದ ಕೋಶಗಳು ತಣ್ಣಗಾಗುತ್ತವೆ; ಕೆಲವಂತೂ ಗೆಡ್ಡೆಗೇ ನೆರವಾಗತೊಡಗುತ್ತವೆ.

ಇದನ್ನೆಲ್ಲ ರೈಲಿನಲ್ಲಿ ಚಿಗವ್ವನಿಗೆ ವಿವರಿಸಿದೆ.

"ಅಂದ್ರ ಕಳ್ಳ ಬಂದಾಗ ನಾಯಿಗಿ ರೊಟ್ಟಿ ಹಾಕ್ತಾವ ಅನ್ನು."

"ಬೇಕಂತ ಹಾಕಂಗಿಲ್ಲ ಚಿಗವ್ವ. ಅವಕ್ಕ ಕಳ್ಳ ಯಾರು, ಬೀಗರು ಯಾರು ತಿಳಿಯಂಗಿಲ್ಲ."

"ನಿಮ್ಮ ಕಾಕಾನಂಗೇ!" ಎಂದು ನಕ್ಕಳು. "ಅಲ್ಲಾ, ಸಮಾಧಾನ ಮಾಡೋದು ತಪ್ಪೇನ? ನಾರಾಯಣಖೇಡದಾಗ ನಮ್ಮ ಅಣ್ಣಗೋಳ ಜಗಳ ಬಿಡಿಸಿದಾಕಿ ಯಾರು?"

ಅವಳೇ. ಆ ಅಣ್ಣತಮ್ಮಂದಿರು ಒಂದೇ ಬಾವಿಯ ನೀರು ಕುಡಿಯುತ್ತ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಯಾರದು ಸರಿ, ಯಾರದು ತಪ್ಪು ಎಂದು ಚಿಗವ್ವ ಒಂದು ಮಾತೂ ಕೇಳಲಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ ಶೇಂಗಾ ಹೋಳಿಗೆ ಬಡಿಸಿದಳು. ಶೇಂಗಾ ಹೋಳಿಗೆ ಒಣ ಪದಾರ್ಥ. ಬಾಯಲ್ಲಿ ಹಿಟ್ಟಾಗಿ ಕೂರುತ್ತದೆ, ಅದಿರುವಾಗ ಯಾರನ್ನೂ ಬೈಯಲಾಗದು. ಎರಡನೆಯ ಹೋಳಿಗೆಯ ಹೊತ್ತಿಗೆ ತಮ್ಮನೇ ಎದ್ದು ಅಣ್ಣನಿಗೆ ನೀರು ಕೊಟ್ಟನಂತೆ. ನಾನು ಅಲ್ಲಿದ್ದಿದ್ದರೆ ಮೊದಲು ಎರಡೂ ಪಕ್ಷದ ಅಂಶಗಳನ್ನು ಬರೆದುಕೊಳ್ಳುತ್ತಿದ್ದೆ, ಜಗಳ ಇಂದಿಗೂ ನಡೆಯುತ್ತಿತ್ತು.

ಡಾಕ್ಟರಮ್ಮ ಬೀದರ ಕಡೆಯವರು. ನನ್ನ ಪ್ರಶ್ನೆಗಳಿಗೆ ಸಿಟ್ಟಾಗಲಿಲ್ಲ. ಅದೇ ನನಗೆ ನಿರಾಸೆ.

"ನೀವು ಓದಿದ್ದು ಖರೇ ಅದರಿ. ಆದ್ರ ಗಾಜಿನ ಬಟ್ಟಲ ಬ್ಯಾರೆ, ಹೆಣ್ಮಗಳ ಮೈ ಬ್ಯಾರೆ. ಗೆಡ್ಡಿ ಇರೋರಿಗಿ ನಾವು ಇದು ಮಾಡಂಗಿಲ್ಲ. ಉಪಚಾರ ಮುಗದು, ತಪಾಸಣಿ ಛಲೋ ಬಂದೋರಿಗಷ್ಟೇ. ಹಂಗ ಮಾಡಿಸಿಕೊಂಡೋರಿಗಿ ಇದರಿಂದ ರೋಗ ತಿರುಗಿ ಬರೋದು ಹೆಚ್ಚಾಗೇದ ಅಂತ ಇಲ್ಲೀತನಕ ಸ್ಪಷ್ಟ ಕಂಡಿಲ್ಲ. ಇನ್ನಾ ನೋಡ್ಕೋತ ಇದ್ದೀವಿ. ಇವರನ್ನೂ ನೋಡ್ಕೋತ ಇರತೀವಿ."

ಇನ್ನೂ ನೋಡುತ್ತಿದ್ದೇವೆ ಎಂದರೆ ಇನ್ನೂ ಖಾತ್ರಿಯಿಲ್ಲ ಎಂದಲ್ಲವೆ? ಸ್ಪಷ್ಟವಾಗಿ ಕಂಡಿಲ್ಲ ಎಂಬುದೂ ಇಲ್ಲವೇ ಇಲ್ಲ ಎಂಬುದೂ ಒಂದೆಯೆ? ಮೇಜಿನಂಚು ಹಿಡಿದು ನಾನು ಬಾಯಿ ತೆರೆದೆ. ತೆರೆದ ಬಾಯಿಗೆ ಪಕ್ಕದಿಂದ ಒಂದು ಕೈ ಬಂತು. "ಮುಂಜಾನಿಂದ ಏನೂ ತಿಂದಿಲ್ಲ ನಮ್ಮ ಹುಡುಗಿ. ತಿನ್ನವ್ವಾ. ನೀವೂ ತಗೋರಿ ಡಾಕ್ಟರಮ್ಮ."

ಶೇಂಗಾ ಹೋಳಿಗೆ. ಅರ್ಧ.

ನಾನು ಅದನ್ನು ಜಗಿದು, ನುಂಗಿ, ನೀರು ಹುಡುಕಿ ಕುಡಿಯುವಷ್ಟರಲ್ಲಿ ಚಿಗವ್ವ ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿ ಕನ್ನಡಕ ತೆಗೆದಿದ್ದಳು. ಬಂಧುಬಳಗ ಹೇಳುವ ನನ್ನ ಒಪ್ಪಿಗೆ ಇದೇ.

ಎರಡು ಸಲ ಕೊಬ್ಬು ತುಂಬಿಯಾಗಿದೆ. ಮೊನ್ನೆಯ ತಪಾಸಣೆಯೂ ಚೆನ್ನಾಗಿ ಬಂದಿದೆ. ತೊಗರಿಚೀಲ ಈಗ ಹೊಲಿಗೆಯಂತ್ರದ ಮೇಲೆ ಕೂತು ಗುಂಡುಸೂಜಿ ಚುಚ್ಚಿಸಿಕೊಳ್ಳುತ್ತದೆ. ಚಿಗವ್ವ ಗಿರಾಕಿಗಳ ಎದುರು ಎರಡೂ ಕೈ ಎತ್ತಿ ಟೇಪು ಹಿಡಿಯುತ್ತಾಳೆ. ಹೊಟ್ಟೆಯೂ ಸ್ವಲ್ಪ ಇಳಿದಿದೆ, ಅದನ್ನು ಬಂದವರಿಗೆಲ್ಲ ತೋರಿಸುತ್ತಾಳೆ.

ಹೋದ ವಾರ ನನ್ನದೇ ಜಂಪರಿಗೆ ಅಳತೆ ಕೊಡಲು ಅವಳೆದುರು ನಿಂತಿದ್ದೆ. ಬಹಳ ದಿನದಿಂದ ಕೊರೆಯುತ್ತಿದ್ದುದನ್ನು ಅಂದು ಕೇಳಿಬಿಟ್ಟೆ. ಅವಳ ಬಾಯಲ್ಲಿ ನಾಲ್ಕು ಗುಂಡುಸೂಜಿಗಳಿದ್ದವು. ಉತ್ತರ ಬರಲಾರದ ಗಳಿಗೆ ನೋಡಿಯೇ ಕೇಳಿದೆನೆಂದು ನೀವು ಆಕ್ಷೇಪಿಸಿದರೆ ನನ್ನ ಬಳಿ ಮರುವಾದವಿಲ್ಲ. ಅವಳು ನನ್ನ ಭುಜ ಹಿಡಿದು ಮೆಲ್ಲಗೆ ಆ ಕಡೆ ತಿರುಗಿಸಿ, ಬೆನ್ನಿನ ಅಳತೆ ಹಿಡಿದಳು. ನಾನು ಕೇಳಿದ್ದು ಇಷ್ಟೇ:

"ಚಿಗವ್ವ, ಆವತ್ತು ನಾ ಒಪ್ಪಿ ಸುಮ್ಮನಾದೆನೋ, ನೀ ಸುಮ್ಮನ ಮಾಡಿದೆಯೋ?"