ಕೊಡಾಕಿಲ್ಲ ಎನ್ನುವವರು ಬೇಕಾಗಿದ್ದಾರೆ

ಎಲ್ಲ ಅವಾಂತರಕ್ಕೂ ಮೂಲ ಒಂದು ಟೋಪಿ. ಕೊಳ್ಳೇಗಾಲದ ನಾಟಕದ ಸಾಮಾನಿನ ಅಂಗಡಿಯಿಂದ ಬಾಡಿಗೆಗೆ ತಂದ ಆ ದೊರೆ ಟೋಪಿ ಹೊಸಗಡಿ ಶಾಲೆಯಲ್ಲಿ ಯಾರ ತಲೆಗೂ ಹಿಡಿಸಲಿಲ್ಲ. ಹೆಡ್‌ಮಾಸ್ಟರ್ ಶಿವರುದ್ರಸ್ವಾಮಿಯವರ ತಲೆಯ ಮೇಲೆ ಅದು ಕುಡಿಕೆಯ ಮುಚ್ಚಳದಂತೆ ಕೂತಿತು. ಪಂಚಾಯ್ತಿ ನೀರುಗಂಟಿ ನಿಂಗರಾಜುವಿಗೆ ಹಾಕಿ ನೋಡಿದರೆ ಮೂಗಿನವರೆಗೂ ಇಳಿಯಿತು. ಶಾಂತಮೂರ್ತಿ ಮೇಷ್ಟ್ರಿಗೆ ಮಾತ್ರ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

“ಮುಗೀತು. ಸುಂಕದ ದೊರೆ ಪಾರ್ಟು ನಿಮ್ದೇ,” ಎಂದರು ಹೆಡ್‌ಮಾಸ್ಟರು.

ಶಾಂತಮೂರ್ತಿಗೆ ಅಳು ಬರುವುದೊಂದು ಬಾಕಿ. ಆಗಸ್ಟ್ ಹದಿನೈದರ ಆ ನಾಟಕದಲ್ಲಿ ಅವನಿಗೆ ಬೇಕಿದ್ದದ್ದು ತನ್ನ ತಾತ ಬಸವಣ್ಣನ ಪಾರ್ಟು. ನಾಟಕದ ಕತೆಯೇ ತಾತನದು. ಆದರೆ ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲದವನು ಹೆಡ್‌ಮಾಸ್ಟರಿಗೆ ಹೇಗೆ ಹೇಳಿಯಾನು? “ಆಗ್ಲಿ ಸಾರ್,” ಎಂದ. ತಾತನ ಪಾರ್ಟು ಪಕ್ಕದ ಮನೆಯ ಗುರುಪ್ರಕಾಶನ ಪಾಲಾಯಿತು.

ಕತೆ ಇಷ್ಟೇ. ಇಂದು ಯಳಂದೂರು, ಕೊಳ್ಳೇಗಾಲ ಎರಡೂ ಒಂದೇ ಜಿಲ್ಲೆ. ತಾತನ ಕಾಲದಲ್ಲಿ ಯಳಂದೂರು ಮೈಸೂರು ಮಹಾರಾಜರ ಸೀಮೆ, ಕೊಳ್ಳೇಗಾಲ ಮದರಾಸಿನ ಇಂಗ್ಲಿಷರ ಸೀಮೆ. ಇಂಗ್ಲಿಷರ ಸೀಮೆಯಲ್ಲಿ ಸವುಳು ಮಣ್ಣಿನಿಂದ ಉಪ್ಪು ತೆಗೆದರೆ ತಪ್ಪು, ಸುಂಕ ಕಟ್ಟದ ಉಪ್ಪನ್ನು ಹೊತ್ತರೂ ತಪ್ಪು. ವಿಲಾಯಿತಿ ಗಿರಣಿಯ ಬಟ್ಟೆ ಮಾತ್ರ ಅಡೆತಡೆಯಿಲ್ಲದೆ ಬಂದು ಇಳಿಯುತ್ತಿತ್ತು, ಇಲ್ಲಿಯ ಮಗ್ಗಗಳು ಒಂದೊಂದೇ ನಿಲ್ಲುತ್ತಿದ್ದವು. ಅಂಥ ಕಾಲದಲ್ಲಿ ಬಸವಣ್ಣ ಯಳಂದೂರು ಕಡೆಯಿಂದ ಒಂದು ಗಂಟು ಮಣ್ಣುಪ್ಪು ಹೊತ್ತು ಬರುತ್ತಿದ್ದ. ಹೊಸಗಡಿಯ ಹುಣಸೆಮರದ ಕೆಳಗೆ ಉಪ್ಪಿನ ಇಲಾಖೆಯ ಜವಾನ (ನಾಟಕದಲ್ಲಿ ಅವನಿಗೇ ದೊರೆಯ ಬಡ್ತಿ) ಅಡ್ಡಗಟ್ಟಿ ಸುಂಕ ಕೇಳಿದ. ಬಸವಣ್ಣ ಗಂಟು ಇಳಿಸಿ, ಸೊಂಟದ ಮೇಲೆ ಕೈಯಿಟ್ಟು, “ಕೊಡಾಕಿಲ್ಲ!” ಎಂದ. ಆ ಒಂದು ಮಾತಿಗೆ ಮೂರು ತಿಂಗಳು ಜೈಲು.

ಈ ಕತೆಯನ್ನು ಮಾವನ ಬಾಯಿಂದಲೇ ಕೇಳಿದ್ದವಳು ಶಾಂತಮೂರ್ತಿಯ ತಾಯಿ ದೊಡ್ಡಬಸಮ್ಮ. ಈಗ ಅವಳಿಗೆ ಎಂಬತ್ತನಾಲ್ಕು.

“ನಿಮ್ಮಪ್ಪನ ಬಾಯಲ್ಲೂ ಆ ಮಾತು ಬರ್ನಿಲ್ಲ, ನಿನ್ ಬಾಯಲ್ಲೂ ಬರ್ನಿಲ್ಲ. ಸಾಯೋದ್ರೊಳಗೆ ಆ ಮರದಡೀಲಿ ಒಂದ್ಸಲ ಕೇಳ್ಬುಟ್ರೆ ಸಾಕು ಕಣಪ್ಪ,” ಎನ್ನುತ್ತಿದ್ದಳು. ಶಾಂತಮೂರ್ತಿ ನಾಟಕಕ್ಕೆ ಒಪ್ಪಿದ್ದೇ ಅದಕ್ಕಾಗಿ. ಅವ್ವನ ಕಿವಿಗೆ ಆ ಮಾತು ಬೀಳಿಸಬೇಕು, ಅಷ್ಟೇ ಅವನ ಆಸೆ.

ಧ್ವಜಾರೋಹಣ ಮುಗಿಯಿತು. ನಿಂಗರಾಜು ರಸ್ತೆಗೆ ಅಡ್ಡವಾಗಿ ಬಿದಿರು ಗಳ ಕಟ್ಟಿದ. ದೊಡ್ಡಬಸಮ್ಮ ಹೊಸ ಸೀರೆಯುಟ್ಟು ಹುಣಸೆಮರದಡಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು. ಗುರುಪ್ರಕಾಶನೂ ಪಂಚೆಯುಟ್ಟು, ಉಪ್ಪಿನ ಗಂಟು ಹೊತ್ತು ಬಂದ. ಬಂದವನು ಬಾಯಿ ತೆರೆದ. ಬರೀ ಗಾಳಿ ಬಂತು.

“ಏನಾಯ್ತ್ಲಾ?” ಎಂದ ಶಾಂತಮೂರ್ತಿ.

ಅವನ ಹೆಂಡತಿ ನಾಗಶ್ರೀ ವಿವರಿಸಿದಳು. “ಮೂರ್ ದಿವ್ಸದಿಂದ ಕೊಟ್ಗೇಲಿ ನಿಂತ್ಕಂಡು ಕೊಡಾಕಿಲ್ಲ, ಕೊಡಾಕಿಲ್ಲ ಅಂತ ಒಂದೇ ಸಮ್ನೆ ಕಿರುಚ್ತು. ರಾತ್ರಿಯಿಂದ ಗಂಟ್ಲು ಬಂದ್. ಎಮ್ಮೆನೂ ಎದರ್ಕಂಡು ಆಲು ಕೊಡಾಕಿಲ್ಲ ಅಂತೈತೆ.”

ಶಾಂತಮೂರ್ತಿ ಅವ್ವನ ಕಡೆ ನೋಡಿದ. ಅವಳು ಕಿವಿಯ ಮೇಲಿನ ಸೆರಗನ್ನು ಸರಿಸಿಕೊಂಡು ಕಾಯುತ್ತಿದ್ದಳು.

ಶಿವರುದ್ರಸ್ವಾಮಿ ಎದೆಗುಂದುವ ಆಳಲ್ಲ. “ಚಿಂತೆ ಬ್ಯಾಡಿ. ರಸ್ತೇಲಿ ಓಗೋರ್ನ ನಿಲ್ಸಿ ಸುಂಕ ಕೇಳಿ. ಸ್ವತಂತ್ರ ದೇಶದ ಜನ ಕಣ್ರೀ. ಯಾರಾದ್ರೂ ಒಬ್ಬ ಯಾಕ್ ಕೊಡ್ಬೇಕು, ಕೊಡಾಕಿಲ್ಲ ಅಂದೇ ಅಂತಾನೆ. ಅಲ್ಲಿಗೆ ನಾಟ್ಕ ಗೆದ್ದಂಗೆ.”

ಶಾಂತಮೂರ್ತಿಗೂ ಸರಿಯೆನಿಸಿತು.

ಮೊದಲು ಬಂದದ್ದು ಬೈಕಿನಲ್ಲಿ ಗಂಡ ಹೆಂಡತಿ. ಶಾಂತಮೂರ್ತಿ ಬೆತ್ತ ಬೀಸಿ, “ನಿಲ್ಲು! ಈ ರಸ್ತೆ ಚಕ್ರವರ್ತಿಗಳದ್ದು! ಸುಂಕ ಕೊಟ್ಟು ಮುಂದೆ ನಡೆ!” ಎಂದು ಗರ್ಜಿಸಿದ.

ಗಂಡ ತಟ್ಟನೆ ಇಳಿದು ಚೀಲ ಬಿಚ್ಚಿ ತೋರಿಸಿದ. “ಬಿಳಿಗಿರಿರಂಗನ ಬೆಟ್ಟಕ್ಕೆ ಒಂಟಿವಿ ಸಾ. ಪ್ಲಾಸ್ಟಿಕ್ ಇಲ್ಲ, ನೋಡ್ಕಳ್ಳಿ. ಎಷ್ಟು ಸಾ?”

ಎಷ್ಟೆಂದು ಯಾರೂ ಯೋಚಿಸಿರಲಿಲ್ಲ. ನಾಟಕದಲ್ಲಿ ಯಾರೂ ಕೊಡಬೇಕಾಗಿರಲಿಲ್ಲವಲ್ಲ! ಶಾಂತಮೂರ್ತಿ ತೊದಲುತ್ತಾ “ಹತ್ತು” ಎಂದ. ಅವನು ಹತ್ತು ರೂಪಾಯಿ ಕೊಟ್ಟು, ಕೈಮುಗಿದು ಹೊರಟ.

“ಇದು ನಾಟ್ಕ ಕಣ್ರೀ, ದುಡ್ಡು ತಕಳ್ಳಿ!” ಎಂದು ಶಾಂತಮೂರ್ತಿ ಕೂಗಿಕೊಂಡು ಹಿಂದೆ ಓಡಿದ. ಅಟ್ಟಿಸಿಕೊಂಡು ಬರುವುದನ್ನು ಕಂಡ ಗಂಡ ಇನ್ನೂ ಜೋರಾಗಿ ಬೈಕು ಓಡಿಸಿದ.

“ಅತ್ತು ರೂಪಾಯ್ಗೆ ಯಾರಿಗ್ರೀ ರೋಸ ಬಂದಾತು?” ಎಂದರು ಹೆಡ್‌ಮಾಸ್ಟರು. “ಏರ್ಸಿ. ಇಂಗ್ಲೀಸ್ನೋರೂ ಇಂಗೇ ಏರ್ಸಿ ಏರ್ಸಿ ಕೆಟ್ಟಿದ್ದು.”

ಇಪ್ಪತ್ತಾಯಿತು. ಟ್ರ್ಯಾಕ್ಟರಿನವನು ಕೊಟ್ಟ. ಐವತ್ತಾಯಿತು. ಸತ್ಯಮಂಗಲದ ಲಾರಿಯವನು ಕಿಟಕಿಯಿಂದಲೇ “ಎವ್ವಳವು ಸಾರ್?” ಎಂದು ತಮಿಳಿನಲ್ಲಿ ದರ ಕೇಳಿ, ಐವತ್ತರ ಮೇಲೆ ಟೀಗೆಂದು ಹತ್ತು ಸೇರಿಸಿ ಕೊಟ್ಟ. ಗೂಡು ತುಂಬಿಕೊಂಡು ರೇಷ್ಮೆ ಮಾರುಕಟ್ಟೆಗೆ ಹೊರಟಿದ್ದ ರೈತನೊಬ್ಬ, ಸಂಜೆ ಇದೇ ದಾರಿಯಲ್ಲಿ ವಾಪಸು ಬರುತ್ತೇನೆ, ಎರಡೂ ಸೇರಿಸಿ ಏನಾದರೂ ಕಡಿಮೆ ಮಾಡಿ ಎಂದ. ಹಬ್ಬ ಬಂತೆಂದರೆ ಹಗ್ಗ ಕಟ್ಟಿ ಚಂದಾ ಎತ್ತುವ ಈ ಸೀಮೆಯಲ್ಲಿ, ಅಡ್ಡ ಕಟ್ಟಿದ್ದನ್ನು ಕಂಡರೆ ಸಾಕು, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಯಾತಕ್ಕೆ ಎಂದು ಕೇಳುವಷ್ಟು ಪುರುಸೊತ್ತು ಯಾರಿಗಿದೆ?

ಶಾಂತಮೂರ್ತಿ ಹಟಕ್ಕೆ ಬಿದ್ದ. ಆಟೋದಲ್ಲಿ ಬುತ್ತಿ ಹಿಡಿದು ಕೂತಿದ್ದ ಹೆಂಗಸನ್ನು, “ಬುತ್ತೀಲಿ ಉಪ್ಪುಂಟೋ?” ಎಂದು ಗದರಿಸಿದ.

“ಐತೆ ಸಾ.”

“ಉಪ್ಪಿಗೆ ಸುಂಕ ಕೊಡು!”

ಉಪ್ಪಿಗೆ ಸುಂಕ ಎಂದರೆ ಯಾರಿಗಾದರೂ ರೇಗಬೇಕು. ದೇಶವೇ ರೇಗಿ ಎದ್ದು ನಿಂತಿತ್ತು. ಆ ಹೆಂಗಸು ಮಾತ್ರ ಸ್ವಲ್ಪ ಯೋಚಿಸಿ, “ನಮ್ ಯಜಮಾನ್ರಿಗೆ ಬೀಪಿ ಸಾ, ಉಪ್ಪು ಕಮ್ಮಿ ಆಕಿವ್ನಿ. ಅದ್ಕೆ ತಕ್ಕಂಗೆ ನೋಡಿ ತಕಳ್ಳಿ,” ಎಂದಳು.

ಹನ್ನೊಂದೂವರೆಗೆ ಒಂದು ದೊಡ್ಡ ಕಾರು ಬಂತು. ಅದರೊಳಗಿಂದ ಇಳಿದ ದಪ್ಪ ಮನುಷ್ಯ ಕಣ್ಣು ಕೆಂಪಗೆ ಮಾಡಿಕೊಂಡು, “ಯಾರ್ಲಾ ಅದು ನನ್ ಗಾಡಿ ಅಡ್ಡಾಕಿದ್ದು?” ಎಂದು ಗುಡುಗಿದ. ಶಾಂತಮೂರ್ತಿಗೆ ಮೈಯೆಲ್ಲ ಪುಳಕ. ಹೆಡ್‌ಮಾಸ್ಟರು ಕೈ ಜೋಡಿಸಿ ನಿಂತರು. ದೊಡ್ಡಬಸಮ್ಮ ಕುರ್ಚಿಯಿಂದ ಅರ್ಧ ಎದ್ದಳು.

“ನಾನು ಎಮ್ಮೆಲ್ಲೆ ಸಾಹೇಬ್ರ ಕಡೆಯೋನು! ನನ್ ತಾವ ಇಸ್ಕತೀಯಾ? ಬೇರೆಯೋರ್ ತಾವ ಇಸ್ಕ ಓಗು!”

ಸುಂಕ ಬೇಡ ಎನ್ನಲಿಲ್ಲ, ತನಗೆ ಮಾತ್ರ ಬೇಡ ಎಂದ ಅಷ್ಟೇ. ದೊಡ್ಡಬಸಮ್ಮ ಮತ್ತೆ ಕೂತಳು. ಅವಳು ಹಾಗೆ ಕೂತದ್ದನ್ನು ನೋಡಿ ಶಾಂತಮೂರ್ತಿ ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎನ್ನುತ್ತಾರೆ. ಹೊಸಗಡಿಯಲ್ಲಿ ಆ ದಿನ ಸುಂಕದವನೇ ದಾರಿಹೋಕರ ಮುಂದೆ ತನ್ನ ದುಃಖ ಹೇಳಿಕೊಳ್ಳುವಂತಾಯಿತು. ತರಕಾರಿ ವ್ಯಾನಿನವನ ಕಿಟಕಿಗೆ ಮುಖವಿಟ್ಟು, “ಅಣ್ಣ, ನಿನ್ ದಮ್ಮಯ್ಯ, ಒಂದೇ ಒಂದ್ಸಲ ಕೊಡಾಕಿಲ್ಲ ಅನ್ನು. ನಮ್ಮವ್ವ ಕೇಳ್ಬೇಕಂತೆ,” ಎಂದ.

ವ್ಯಾನಿನವನು ಬೆವೆತುಹೋದ. “ನಾ ಯಾಕ್ ಸಾ ಅಂಗಂದನು? ಆಮೇಲೆ ಕೇಸ್ ಆಕ್ಬುಡ್ತೀರ. ಮಕ್ಳೊಂದಿಗ ಸಾ ನಾನು.” ನೂರರ ನೋಟೊಂದನ್ನು ಶಾಂತಮೂರ್ತಿಯ ಕೈಗೆ ತುರುಕಿ, ಎರಡು ಸೋರೆಕಾಯಿಯನ್ನೂ ಇಳಿಸಿ ಹೋದ.

ಮಧ್ಯಾಹ್ನಕ್ಕೆ ಶಾಲೆಯ ಸ್ಟೀಲ್ ಬಕೆಟ್ಟು ತುಂಬಿತ್ತು. ಯಾರದು ಯಾವುದೆಂದು ಹಿಂದಿರುಗಿಸುವ ದಾರಿಯಿಲ್ಲ. ಪಂಚಾಯ್ತಿ ಅಧ್ಯಕ್ಷ ಷಡಕ್ಷರಿ ಬಂದು ಬಕೆಟ್ಟಿನೊಳಗೆ ಇಣುಕಿದ. ಬಹಳ ಹೊತ್ತು ಇಣುಕಿಯೇ ಇದ್ದ.

“ಒಬ್ಬನೂ ಯಾಕೆ ಅಂತ ಕೇಳ್ನಿಲ್ವಾ?”

“ಒಬ್ಬನೂ ಕೇಳ್ನಿಲ್ಲ,” ಎಂದ ಶಾಂತಮೂರ್ತಿ, ಸೂತಕದ ಮನೆಯವನ ದನಿಯಲ್ಲಿ.

“ಚಿನ್ನದಂಥ ಜನ ಕಣ್ರೀ ನಮ್ದು,” ಎಂದ ಷಡಕ್ಷರಿ. ಬಕೆಟ್ಟನ್ನು ಪಂಚಾಯ್ತಿಯ ವಶಕ್ಕೆ ತೆಗೆದುಕೊಂಡು, ನಿಂಗರಾಜುವನ್ನೂ ಜೊತೆಗೆ ಕರೆದುಕೊಂಡು ಹೊರಟುಹೋದ.

ನಾಟಕ ಬರಖಾಸ್ತಾಯಿತು. ಮಕ್ಕಳ ಭಾಷಣ, ಬಹುಮಾನ, ಕೇಸರಿಬಾತು ಎಲ್ಲ ಮುಗಿಯುವ ಹೊತ್ತಿಗೆ ಐದು ಗಂಟೆ. ಶಾಂತಮೂರ್ತಿ ಅವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಹೊರಟ. ಮನೆ ಇದ್ದದ್ದು ಹುಣಸೆಮರದ ಆಚೆಗೆ. ತನ್ನ ಕೈಯಿಂದ ಇಷ್ಟೂ ಆಗಲಿಲ್ಲವಲ್ಲ ಎಂಬ ಕೊರಗು ಅವನಿಗೆ.

ಮರದ ಹತ್ತಿರ ಬಂದರೆ ಗಳ ಹಾಗೇ ಅಡ್ಡ ಇದೆ. ಅದಕ್ಕೀಗ ಕೆಂಪು ಬಿಳಿ ಬಣ್ಣ ಬಳಿದಿದೆ. ಪಕ್ಕದ ಹಲಗೆಯ ಮೇಲೆ ಇನ್ನೂ ಒಣಗದ ಅಕ್ಷರ: ಹೊಸಗಡಿ ಗ್ರಾಮ ನೈರ್ಮಲ್ಯ ಶುಲ್ಕ, ಒಬ್ಬರಿಗೆ ಇಪ್ಪತ್ತು ರೂಪಾಯಿ. ಕುರ್ಚಿಯ ಮೇಲೆ ರಸೀದಿ ಪುಸ್ತಕ ಹಿಡಿದು ನಿಂಗರಾಜು.

“ಮಧ್ಯಾನ್ನ ತುರ್ತು ಮೀಟಿಂಗ್ ಮಾಡ್ಬುಟ್ರು ಸಾ,” ಎಂದ ಅವನು, ಮುಖ ಆಚೆ ತಿರುಗಿಸಿಕೊಂಡು. “ಎಲ್ಲಾರೂ ಕೊಡ್ತಾವ್ರೆ. ಇಬ್ರದ್ದು ನಲವತ್ತು.”

ಅವ್ವ ಹಿಂದಿನಿಂದ ಮಗನ ಭುಜ ಹಿಡಿದಳು. “ಆ ಮಾತು ಏಳ್ಲಾ ಮಗ,” ಎಂದಳು ಮೆಲ್ಲಗೆ.

ಶಾಂತಮೂರ್ತಿ ಬಾಯಿ ತೆರೆದ. ತಾತ ನೆನಪಾದ. ಅಧ್ಯಕ್ಷ ನೆನಪಾದ, ಬರುವ ತಿಂಗಳ ವರ್ಗಾವಣೆಯೂ ನೆನಪಾಯಿತು. “ನಿಂಗರಾಜು,” ಎಂದ, “ವಯಸ್ಸಾದೋರಿಗೆ ಏನಾದ್ರೂ ರಿಯಾಯ್ತಿ ಐತಾ?”

ಭುಜದ ಮೇಲಿನ ಕೈ ಸಡಿಲವಾಯಿತು. ದೊಡ್ಡಬಸಮ್ಮ ಸ್ಕೂಟರಿನಿಂದ ಇಳಿದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ಸೊಂಟದ ಮೇಲೆ ಕೈಯಿಟ್ಟು, “ಕೊಡಾಕಿಲ್ಲ!” ಎಂದು ಕೂಗಿದಳು. ಮರದ ಮೇಲಿದ್ದ ಕಾಗೆಗಳು ಎದ್ದವು. ನಿಂಗರಾಜು ಬಾಯಿ ತೆರೆದುಕೊಂಡು ನೋಡುತ್ತಿರುವಾಗಲೇ ಅವಳು ಬಗ್ಗಿ ಗಳದ ಕೆಳಗೆ ನುಸುಳಿ, ಹಿಂದಿರುಗಿ ನೋಡದೆ ನಡೆದೇಬಿಟ್ಟಳು.

ಶಾಂತಮೂರ್ತಿ ಅವಳ ಬೆನ್ನನ್ನು ನೋಡಿದ. ಹತ್ತು ಹೆಜ್ಜೆ ಹೋಗಲೆಂದು ಕಾದ. ಆಮೇಲೆ ಸದ್ದಾಗದಂತೆ ಜೇಬಿನಿಂದ ದುಡ್ಡು ತೆಗೆದ.

“ಅವ್ವಂದೂ ಸೇರ್ಸಿ ತಕಳಪ್ಪ. ಅವ್ಳಿಗೆ ಮಾತ್ರ ಏಳ್ಬ್ಯಾಡ.”

ನಿಂಗರಾಜು ಎರಡು ರಸೀದಿ ಹರಿದು ಕೊಟ್ಟು ಗಳ ಎತ್ತಿದ. ಶಾಂತಮೂರ್ತಿ ರಸೀದಿಗಳನ್ನು ಒಳಜೇಬಿಗೆ ತುರುಕಿ, ಸ್ಕೂಟರ್ ತಳ್ಳಿಕೊಂಡು ಅವಳ ಜೊತೆ ಸೇರಿಕೊಂಡ.

ಅವ್ವ ಏದುಸಿರು ಬಿಡುತ್ತಾ ಕೇಳಿದಳು: “ನಿನ್ನ ಎಂಗ್ ಬುಟ್ಟ?”

“ನಾನೂ ಅಂದೆ ಕಣವ್ವ.”

“ಏನಂದೆ?”

“ಕೊಡಾಕಿಲ್ಲ ಅಂದೆ.”

ಅವಳು ನಿಂತುಬಿಟ್ಟಳು. ಮಗನ ಕೆನ್ನೆ ಸವರಿದಳು. “ಕೊನೆಗೂ ನಮ್ ಮಾವನ ಮೊಮ್ಮಗ ಆದೆ ನೋಡು,” ಎನ್ನುವಾಗ ಅವಳ ಕಣ್ಣು ತುಂಬಿತ್ತು. “ಇನ್ನೊಂದ್ಸಲ ಅನ್ನು ಮಗ. ಜೋರಾಗಿ.”

ಗಳ ತಿರುವಿನ ಮರೆಯಾಗಿತ್ತು, ಸುತ್ತ ಯಾರೂ ಇರಲಿಲ್ಲ. ಶಾಂತಮೂರ್ತಿ ಖಾಲಿ ರಸ್ತೆಯ ಕಡೆ ಮುಖ ಮಾಡಿ ಕೂಗಿದ. ಐವತ್ತೆರಡು ವರ್ಷಕ್ಕೆ ಮೊದಲ ಸಲ ಆ ಮಾತು ಅವನ ಬಾಯಿಂದ ಗಟ್ಟಿಯಾಗಿ ಬಂತು, ಅದೂ ಸುಳ್ಳಾಗಿ. ಅವ್ವ ನಗುತ್ತಾ ಮುಂದೆ ನಡೆದಳು. ಅವನು ಒಳಜೇಬಿನ ಮೇಲೆ ಕೈಯೊತ್ತಿ ಹಿಡಿದು ಅವಳ ಹಿಂದೆ ನಡೆದ.